ಮುಂದಿನ ಎರಡು ಗಾಲಿ

ಭೀಮರಾಯನ ಷೆಡ್ಡಿಗೆ ಒಂದು ಕಟ್ಟಳೆಯಿತ್ತು. ಗಾಡಿಯಿಂದ ಬಿಚ್ಚಿದ ಮೇಲೆ ಮತ್ತೆ ಹಾಕದ ಸಾಮಾನು ಅಂದೇ ಸಂಜೆ ಭಂಗಾರದ, ಅಂದರೆ ಗುಜರಿಯ, ಕೈಗಾಡಿ ಹತ್ತಬೇಕು. ಸತ್ತ ಸಾಮಾನು ಉಳಿದರೆ ಜೀವಂತ ಸಾಮಾನಿನೊಳಗೆ ಬೆರೆತು ಕೆಲಸ ಕೆಡಿಸುತ್ತದೆ ಎಂದು ಅವನು ಹೇಳುತ್ತಿದ್ದ. ಮುಂಬಯಿಯ ಆಂಟಾಪ್ ಹಿಲ್‌ನ ಬುಡದಲ್ಲಿದ್ದ ಆ ತಗಡಿನ ಷೆಡ್ಡಿನಲ್ಲಿ ಮೂವತ್ತೊಂದು ವರ್ಷ ಅವನು ಪದ್ಮಿನಿ ಟ್ಯಾಕ್ಸಿಗಳನ್ನು ಬಿಚ್ಚಿ ಕಟ್ಟಿದ್ದ. ಪ್ರತಿ ಸಂಜೆ ಐದಕ್ಕೆ ಗುಜರಿ ಆಯುವ ಹಣಮಂತನ ಕೈಗಾಡಿ ಬಾಗಿಲಿಗೆ ಬರುತ್ತಿತ್ತು, ಷೆಡ್ಡು ಗುಡಿಯ ಪ್ರಾಂಗಣದಂತೆ ಸ್ವಚ್ಛವಾಗುತ್ತಿತ್ತು.

ಆಮೇಲೆ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳೇ ಇಳಿದುಹೋದವು. ಹೊಸ ಟ್ಯಾಕ್ಸಿಗಳು ಕಂಪನಿಯ ಗ್ಯಾರೇಜಿಗೆ ಹೋಗುತ್ತಿದ್ದವು. ಅವನದೇ ಕಟ್ಟಳೆ ಹಿಡಿದರೆ ಈಗ ಷೆಡ್ಡೂ ಭಂಗಾರಕ್ಕೆ ಹೋಗಬೇಕಿತ್ತು. ಭೀಮರಾಯ ಅದನ್ನು ನೀರಿನ ಕ್ಯಾನುಗಳ ಗೋದಾಮು ಮಾಡಲು ಮುರಿಗೆಪ್ಪನಿಗೆ ಕೊಡುತ್ತೇನೆಂದು ಒಪ್ಪಿಕೊಂಡ. ದೀಪಾವಳಿಗೆ ಕೀಲಿಕೈ ಕೊಡುವ ಮಾತಾಗಿತ್ತು.

ಅಲ್ಲಿಯವರೆಗೆ ಅವನಿಗಿದ್ದ ಕೆಲಸ ಒಂದೇ. ಹೆಂಡತಿ ಶಿವಕುಮಾರಿ ನಸುಕಿನಲ್ಲಿ ಎದ್ದು ನೂರಿಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಆ ಗಂಟನ್ನು ಬಸ್ಸು ಹತ್ತಿ ಸಯನ್ನಿನ ಮೆಸ್ಸಿಗೆ ಮುಟ್ಟಿಸಿ ಬರುವುದು ಅವನ ಪಾಲಿಗಿತ್ತು. ಬಸ್ಸಿನಲ್ಲಿ ಹಳೆಯ ಟ್ಯಾಕ್ಸಿ ಡ್ರೈವರುಗಳು ಕಂಡರೆ ಗಂಟನ್ನು ಕಾಲ ಬುಡಕ್ಕೆ ಇಟ್ಟುಕೊಳ್ಳುತ್ತಿದ್ದ.

ಗಣಪತಿ ಹಬ್ಬ ಮುಗಿದ ವಾರ, ಊಟಕ್ಕೆ ಕೂತಾಗ ಮಗಳು ರಂಜನಾ ಮಾತು ತೆಗೆದಳು. ಅವಳು ಆಟೊಮೊಬೈಲ್ ಡಿಪ್ಲೊಮಾ ಮಾಡಿ, ಅಂಧೇರಿಯಲ್ಲಿ ರೇಸಿನ ಕಾರುಗಳನ್ನು ಕಟ್ಟುವ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ದುಡಿದಿದ್ದಳು.

"ಅಪ್ಪಾ, ದೀಪಾವಳಿ ತನಕ ಷೆಡ್ಡು ನನಗ ಕೊಡು. ಕೆಲಸಾ ಬಿಟ್ಟೀನಿ."

ಶಿವಕುಮಾರಿಯ ಕೈಯ ಸೌಟು ಪಲ್ಯದ ಮೇಲೆ ನಿಂತಿತು. "ಬಿಟ್ಟೀನಿ ಅಂದ್ರ? ಬಿಡ್ತೀನಿ ಅನ್ನೂದಲ್ಲ, ಬಿಟ್ಟೀನಿ?"

"ನಾಕು ವರ್ಷ ಆತವ್ವಾ, ನಾ ಹೇಳಿದ್ದನ್ನ ಬ್ಯಾರೇದವರು ಮಾಡ್ತಾರು, ಬಿಲ್ ಅಷ್ಟ ನನ್ನ ಕೈಲೆ ಬರಸ್ತಾರು. ಈಗ ನಂದ ಅಂತ ಒಂದು ಗಾಡಿ ಸಿಕ್ಕೈತಿ. ಜಪಾನಿಂದು, ಸ್ಪೋರ್ಟ್ಸ್ ಕಾರ್. ನಾಕೂ ಗಾಲಿ ಎಳಿತಾವು ಅದರಾಗ. ಅದನ್ನ ಹಿಂದಿನ ಎರಡ ಎಳಿಯೂ ಹಂಗ ಮಾಡಬೇಕು."

ಭೀಮರಾಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಕಂಪನಿ ನಾಕು ಕೊಟ್ಟೈತಿ. ಎರಡು ಕಡಿಮಿ ಮಾಡ್ರಿ ಅಂತ ಆ ಗಾಡಿಯಂವಾ ಮ್ಯಾಲ ರೊಕ್ಕಾ ಕೊಡ್ತಾನ? ಹುಚ್ಚ ಅದಾನೇನು?"

"ಹುಚ್ಚ ಅಲ್ಲ. ಮಾಟುಂಗದ ಹೋಟೆಲ್ ಮಾಲಕರ ಮಗ, ಸುಹಾಸ್."

"ಹೊಟ್ಟಿ ತುಂಬಿದವರು ಹಂಗ ಇರ್ತಾರು," ಎಂದಳು ಭೀಮರಾಯನ ತಾಯಿ ಸುಂದ್ರವ್ವ, ಗೋಡೆಗೊರಗಿದಲ್ಲಿಂದಲೇ. ಎಂಬತ್ತೆರಡು ದಾಟಿದ್ದ ಮುದುಕಿಗೆ ಕಣ್ಣು ಮಂದವಾಗಿತ್ತು, ಕಿವಿ ಆಗಿರಲಿಲ್ಲ.

"ಮುರಿಗೆಪ್ಪಗ ಮಾತು ಕೊಟ್ಟೇನಿ," ಎಂದ ಭೀಮರಾಯ.

"ದೀಪಾವಳಿಗೆ ತಾನ? ಈ ಗಾಡಿ ಛಲೋ ಆತಂದ್ರ ಸುಹಾಸನ ದೋಸ್ತರವು ಇನ್ನೂ ಎರಡು ಬರ್ತಾವು. ಆಗ ಷೆಡ್ಡು ನಡೀತೈತಿ. ಆಗಲಿಲ್ಲಂದ್ರ ಕೀಲಿ ನಾನ ಒಯ್ದು ಮುರಿಗೆಪ್ಪ ಕಾಕಾನ ಕೈಯಾಗ ಇಡ್ತೀನಿ. ಬಸ್."

"ಅಲ್ಲಿ ತನಕ ಅಲ್ಲಿ ಇಲಿ ಇರ್ತಾವು," ಎಂದಳು ಸುಂದ್ರವ್ವ. "ಇಲಿಗೆ ಕೊಟ್ಟದ್ದನ್ನ ಮೊಮ್ಮಗಳಿಗೆ ಕೊಡಾಕ ಏನು ಧಾಡಿ ನಿನಗ, ಭೀಮ್ಯಾ?"

ಹಾಗೆ ಷೆಡ್ಡಿನ ಬಾಗಿಲು ಮತ್ತೆ ತೆರೆಯಿತು.

ಕಾರು ಲಾರಿಯ ಮೇಲೆ ಕೂತು ಬಂತು. ಅದು ರಸ್ತೆಯಲ್ಲಿ ಓಡಿಸುವ ಗಾಡಿಯಲ್ಲ, ಸ್ಪರ್ಧೆಯ ಮೈದಾನಕ್ಕೆ ಮಾತ್ರ. ನೀಲಿ ಬಣ್ಣ ಅಲ್ಲಲ್ಲಿ ಮಾಸಿತ್ತು. ಕಿವಿಯಲ್ಲಿ ಓಲೆ ಹಾಕಿಕೊಂಡಿದ್ದ ಸುಹಾಸ ಭೀಮರಾಯನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದರಿಂದ, ಬೈಯಲೆಂದು ಸಿದ್ಧನಾಗಿದ್ದ ಭೀಮರಾಯನಿಗೆ ಒಂದು ಕ್ಷಣ ತೊಡಕಾಯಿತು.

"ಅಂಕಲ್, ನಾಲ್ಕೂ ವೀಲ್ ಎಳೆದ್ರೆ ಗ್ರಿಪ್ ಜಾಸ್ತಿ ಉಂಟಲ್ಲ, ಗಾಡಿ ಜಾರುದೇ ಇಲ್ಲ. ಡ್ರಿಫ್ಟಿಂಗಲ್ಲಿ ಹಿಂದೆ ಜಾರ್ಬೇಕು. ಜಾರಿ ಜಾರಿ ಟರ್ನ್ ತಗೊಳ್ಬೇಕು. ಅದಕ್ಕೇ ಮಾರ್ಕ್ಸ್."

"ಮೂವತ್ತೊಂದು ವರ್ಷ ನಾ ಗಾಡಿ ಜಾರಬಾರದು ಅಂತ ಕೆಲಸಾ ಮಾಡೀನಿ," ಎಂದ ಭೀಮರಾಯ.

"ಹಾಗಾದ್ರೆ ಯಾಕೆ ಜಾರ್ತದೆ ಅಂತ ನಿಮಗೇ ಚೆನ್ನಾಗಿ ಗೊತ್ತುಂಟು," ಎಂದು ಹುಡುಗ ನಕ್ಕ.

ರಂಜನಾ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದಳು. ಎಡಗಡೆ ಪಟ್ಟಿಯಲ್ಲಿ ಒಂದೊಂದೇ ಕೆಲಸವನ್ನು ಕನ್ನಡದಲ್ಲೇ ಬರೆದಿದ್ದಳು. ಅಪ್ಪನಿಗೆ ಓದಲು ಬರಲೆಂದು ಅಕ್ಷರ ಕೂಡಿಸಿ ಕೂಡಿಸಿ ಬರೆದದ್ದು ಕಾಣುತ್ತಿತ್ತು. ಪಕ್ಕದಲ್ಲಿ ಎರಡು ಕಾಲಮ್ಮುಗಳು: 'ಮಾಡಿದವರು', 'ನೋಡಿದವರು'.

"ಇದೇನು?"

"ಒಂದೊಂದು ಕೆಲಸಕ್ಕೂ ಎರಡು ಸಹಿ. ಮಾಡಿದವರ ಬ್ಯಾರೆ, ನೋಡಿದವರ ಬ್ಯಾರೆ."

"ನನ್ನ ಕೆಲಸಾ ಯಾರ ನೋಡವರು?"

"ನಾ."

"ಮೂವತ್ತೊಂದು ವರ್ಷ ಯಾರೂ ನೋಡಿಲ್ಲ," ಎಂದು ಭೀಮರಾಯ ಹಾಳೆಗೆ ಬೆನ್ನು ತಿರುಗಿಸಿ ಸ್ಟೂಲಿನ ಮೇಲೆ ಕೂತ. ರಂಜನಾ ನಟ್ಟು ತಿರುವುವ ಪಾನಾ ಕೈಗೆತ್ತಿಕೊಂಡಳು.

ಮೊದಲ ವಾರ ಅವನು ಹಾಗೆಯೇ ಕೂತ. ರೊಟ್ಟಿ ಮುಟ್ಟಿಸಿ ಬಂದು, ಚಹಾ ಕುಡಿದು, ಮಗಳು ಗೇರ್‌ಬಾಕ್ಸ್ ಇಳಿಸಲೆಂದು ಸುತ್ತಲಿನ ಸಾಮಾನು ಬಿಚ್ಚುವುದನ್ನು ನೋಡುತ್ತಿದ್ದ. ಅವಳು ಬೋಲ್ಟುಗಳನ್ನು ರಟ್ಟಿನಲ್ಲಿ ತೂತು ಮಾಡಿ ಅವು ಇದ್ದ ಜಾಗದಂತೆಯೇ ಸಿಕ್ಕಿಸಿಡುತ್ತಿದ್ದಳು. ಅದು ಅವನಿಗೆ ಹಿಡಿಸಿತು.

ಒಂದು ಮಧ್ಯಾಹ್ನ ಸುಹಾಸ ಬಂದು, ಇಷ್ಟೆಲ್ಲ ಯಾಕೆ ಬಿಚ್ಚಬೇಕು ಎಂದು ಕೇಳಿದ. "ಮುಂದಿನ ವೀಲ್ ತಿರುಗಿಸುವ ಶಾಫ್ಟ್ ಎರಡು ತೆಗೆದ್ರೆ ಆಯ್ತಲ್ಲ? ಪವರ್ ಎಲ್ಲಾ ಹಿಂದೆ ಹೋಗ್ತದೆ."

ರಂಜನಾ ಉತ್ತರ ಹೇಳುವ ಮೊದಲೇ ಸ್ಟೂಲಿನಿಂದ ಮಾತು ಬಂತು. "ಹೋಗೂದಿಲ್ಲ."

ಇಬ್ಬರೂ ತಿರುಗಿದರು.

"ಮಳಿಗಾಲದಾಗ ಟ್ಯಾಕ್ಸಿದ ಹಿಂದಿನ ಒಂದು ಗಾಲಿ ಕೆಸರಿನ ಗುಂಡ್ಯಾಗ ಇಳಿದದ್ದು ನೋಡೀರೇನು? ಗುಂಡ್ಯಾಗಿನ ಗಾಲಿ ಗರಗರ ತಿರಗತೈತಿ, ನೆಲದ ಮ್ಯಾಲಿಂದು ಸುಮ್ಮ ನಿಂತಿರತೈತಿ. ಯಾಕ? ನಡುವ ಡಿಫ್ರೆನ್ಸ್ ಐತಿ, ಬಲಾ ಹಂಚೂ ಗೇರು. ಅದು ಬಲಾ ಎಲ್ಲಾ ಖಾಲಿ ಇದ್ದ ಕಡೆ ಹರಿಬಿಡತೈತಿ. ಈ ಗಾಡ್ಯಾಗ ಮುಂದಕ್ಕೂ ಹಿಂದಕ್ಕೂ ನಡುವ ಅಂಥಾದ್ದ ಒಂದು ಇರಬೇಕು. ಮುಂದಿನ ಶಾಫ್ಟ್ ತಗದ್ರ ಮುಂದಿನ ಕಡಿ ಖಾಲಿ. ಇಂಜಿನ್ ಒದರತೈತಿ, ಗಾಡಿ ಜಾಗಾ ಬಿಟ್ಟು ಹೋಗೂದಿಲ್ಲ."

"ಅದಕ್ಕ ನಡುವಿಂದನ್ನ ಲಾಕ್ ಮಾಡಬೇಕು," ಎಂದಳು ರಂಜನಾ. "ಕುರ್ಲಾದಾಗ ಲೇತ್ ಮ್ಯಾಲ ಒಂದು ಪೀಸ್ ಮಾಡ್ಸಾಕ ಹತ್ತೀನಿ." ಅಪ್ಪನತ್ತ ನೋಡಿದಳು. "ನೀ ಈ ಗಾಡಿ ಬಗ್ಗೆ ಎಲ್ಲಿ ಓದಿದಿ?"

"ಓದಾಕ ಏನೈತಿ? ಕಬ್ಬಿಣಕ್ಕ ಊರು ಬ್ಯಾರೆ, ಬುದ್ಧಿ ಒಂದ."

ಅಂದು ಅವನು ಸ್ಟೂಲು ಬಿಟ್ಟು ಎದ್ದ. ಮರುದಿನ ಶಿವಕುಮಾರಿ ಅವನ ಹಳೆಯ ಖಾಕಿ ಅಂಗಿಯನ್ನು ಟ್ರಂಕಿನಿಂದ ತೆಗೆದು, ಹರಿದ ಕಂಕುಳಿಗೆ ಹೊಲಿಗೆ ಹಾಕಿ ಕೊಟ್ಟಳು. ಮನೆಯಲ್ಲಿ ಊಟದ ಹೊತ್ತು ಮೊದಲಿನ ಗದ್ದಲಕ್ಕೆ ಮರಳಿತು. ಅಪ್ಪ ಮಗಳು ತಟ್ಟೆಯ ಅಂಚಿನಲ್ಲಿ ಶೇಂಗಾ ಚಟ್ನಿಯ ಹಿಂಡಿ ಬಳಿದು ಗೇರಿನ ಚಿತ್ರ ಬರೆಯುವರು, ಸುಂದ್ರವ್ವ "ಉಣ್ಣೂ ತಾಟಿನ ಮ್ಯಾಲ ಏನ ಗೀಚ್ತೀರೋ?" ಎಂದು ಬೈಯುವಳು.

ತಪ್ಪು ನಡೆದದ್ದು ಎರಡನೆಯ ವಾರದ ಕೊನೆಗೆ. ರಂಜನಾ ಲೇತಿನವನ ಎದುರೇ ನಿಂತು ಕೆಲಸ ಮಾಡಿಸಲು ಕುರ್ಲಾಕ್ಕೆ ಹೊರಟಿದ್ದಳು.

"ಅಪ್ಪಾ, ಮುಂದಿನ ಶಾಫ್ಟ್ ಎರಡೂ ಗೇರ್‌ಬಾಕ್ಸ್ ಕಡಿಂದ ಅಷ್ಟ ಬಿಡಿಸಿ ಇಡು. ಗಾಲಿ ಕಡಿ ಮುಟ್ಟಬ್ಯಾಡ. ನಾ ಬಂದು ತೋರಿಸ್ತೀನಿ."

ತೋರಿಸ್ತೀನಿ ಎಂಬ ಮಾತು ಭೀಮರಾಯನಿಗೆ ಚುಚ್ಚಿತು. ಗಾಲಿ ಬಿಚ್ಚುವುದನ್ನು ಇವಳು ತೋರಿಸಬೇಕೆ? ಗೇರ್‌ಬಾಕ್ಸಿನ ಕಡೆ ಪಿನ್ನು ಬಡಿದು ಬಿಡಿಸಿದ ಮೇಲೆ ಅವನಿಗೆ ಅಲ್ಲಿಗೆ ನಿಲ್ಲಲು ಮನಸ್ಸಾಗಲಿಲ್ಲ. ಪದ್ಮಿನಿಯಲ್ಲಿ ಮುಂದಿನ ಗಾಲಿಗೆ ಶಾಫ್ಟೇ ಇಲ್ಲ. ತನ್ನದೇ ಒಂದು ಗಟ್ಟಿ ಕಬ್ಬಿಣದ ಮೊಳೆಯ ಮೇಲೆ ಅದು ತಾನೇ ನಿಂತು ತಿರುಗುತ್ತದೆ. ಇನ್ನು ಈ ಗಾಡಿಯ ಮುಂದಿನ ಗಾಲಿಯೂ ಎಳೆಯುವುದಿಲ್ಲ ಎಂದ ಮೇಲೆ ಶಾಫ್ಟಿನ ತುಂಡೂ ಅಲ್ಲಿ ಯಾಕೆ? ಪಾನಾದ ಹಿಡಿಕೆಗೆ ಉದ್ದನೆಯ ಪೈಪು ಸಿಕ್ಕಿಸಿ ಗಾಲಿಯ ನಡುವಿನ ದೊಡ್ಡ ನಟ್ಟು ತಿರುವಿದ. ಎರಡೂ ಶಾಫ್ಟುಗಳನ್ನು ಪೂರ್ತಿ ಹೊರಗೆಳೆದ. ಗಾಲಿ ಕೂರುವ ಹಬ್ಬಿನ ತೂತಿನಲ್ಲಿ ಕಣ್ಣಿಟ್ಟು ನೋಡಿದರೆ ಆಚೆಯ ಬೆಳಕು ಕಾಣುತ್ತಿತ್ತು. ಗಾಲಿ ಹಾಕಿ, ನಡುವಿನ ಮುಚ್ಚಳ ಒತ್ತಿ, ಕೈಯಿಂದ ತಿರುಗಿಸಿದ. ಬೆಣ್ಣೆಯಂತೆ ತಿರುಗಿತು.

ಐದಕ್ಕೆ ಹಣಮಂತನ ಕೈಗಾಡಿ ಬಂತು. ಕಟ್ಟಳೆಯಂತೆ ಎರಡೂ ಶಾಫ್ಟು ಅದನ್ನು ಹತ್ತಿದವು.

ರಂಜನಾ ಬಂದಾಗ ಅವಳ ಕೈಯಲ್ಲಿ ಹೊಸ ತುಂಡು ಬೆಳ್ಳಿಯಂತೆ ಹೊಳೆಯುತ್ತಿತ್ತು, ಗಮನವೆಲ್ಲ ಅದರ ಮೇಲಿತ್ತು.

"ಶಾಫ್ಟ್ ಅಪ್ಪಾ?"

"ಆತು."

"ಗಾಲಿ ಹಾಕಿಬಿಟ್ಟಿ, ಗಾಲಿ ಕಡೀದೂ ಆತೇನು? ಕಟ್ ಮಾಡಿ ತುಂಡು ಒಳಗ ಬಿಟ್ಟೀಯಾ?"

"ಆತು ಅಂದ್ನಲ್ಲ."

"ಅರೆ ವಾ," ಎಂದು ನಕ್ಕಳು. "ತೋರಿಸೂದ ಬೇಕಾಗಲಿಲ್ಲ. ಸಹಿ ಮಾಡು ಮತ್ತ."

"ನಾಳಿ ಮಾಡ್ತೀನಿ."

ಮುಂದಿನ ನಾಲ್ಕು ದಿನ ಅವಳು ಕೆಳಗಿಳಿಸಿದ ಗೇರ್‌ಬಾಕ್ಸಿನೊಳಗೆ ಮುಳುಗಿದಳು. ಹಾಳೆಯಲ್ಲಿ ಉಳಿದ ಸಾಲುಗಳೆಲ್ಲ ತುಂಬುತ್ತ ಬಂದವು. ಮುಂದಿನ ಗಾಲಿಗಳ ಸಾಲು ಮಾತ್ರ ಎರಡೂ ಕಡೆ ಖಾಲಿಯಿತ್ತು.

ಗುರುವಾರ ಗೇರ್‌ಬಾಕ್ಸ್ ಏರಿತು. ಕಾರನ್ನು ನೆಲಕ್ಕಿಳಿಸಿ, ಹತ್ತು ಹೆಜ್ಜೆ ಮುಂದೆ ಹಿಂದೆ ತಳ್ಳಿ, ಎಣ್ಣೆ ಹಾಕಲು ಮತ್ತೆ ಜ್ಯಾಕಿನ ಮೇಲೆತ್ತಿದರು. ರಂಜನಾ ಕೈ ತೊಳೆಯಲು ಹೋಗಿದ್ದಳು. ಭೀಮರಾಯ ಹಳೆಯ ರೂಢಿಯಂತೆ ಮುಂದಿನ ಎಡಗಾಲಿಯನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದ.

ಟೊಕ್.

ಮತ್ತೊಮ್ಮೆ ಅಲುಗಿಸಿದ. ಟೊಕ್. ಬಲಗಡೆ ಹೋದ. ಅಲ್ಲೂ ಟೊಕ್.

ಮುಚ್ಚಳ ಕಿತ್ತು ತೂತಿನೊಳಗೆ ನೋಡಿದ. ಈಗ ಕಂಡಿತು. ಈ ಗಾಡಿಯಲ್ಲಿ ಗಾಲಿಗೆ ತನ್ನದೇ ಮೊಳೆ ಇರಲಿಲ್ಲ. ಬೇರಿಂಗಿನ ಎರಡು ಅರ್ಧಗಳನ್ನು ಒತ್ತಿ ಕೂಡಿಸಿ ಹಿಡಿದದ್ದು ಆ ಶಾಫ್ಟಿನ ತುದಿ ಮತ್ತು ಅದರ ನಟ್ಟು. ಶಾಫ್ಟು ಗಾಲಿಯನ್ನು ಎಳೆಯುತ್ತಿದ್ದುದಷ್ಟೇ ಅಲ್ಲ, ಹಿಡಿದೂ ಇಟ್ಟಿತ್ತು. ಎಳೆಯುವ ಕೆಲಸ ಹೋದರೂ ಹಿಡಿಯುವ ಕೆಲಸ ಉಳಿದಿತ್ತು. ಖಾಲಿ ನಿಂತಾಗ ಬೆಣ್ಣೆಯಂತೆ ತಿರುಗಿದ ಗಾಲಿ, ವೇಗದಲ್ಲಿ ಒಂದು ತಿರುವು ತೆಗೆದುಕೊಂಡರೆ ಕಳಚಿ ಬರಬಹುದಿತ್ತು.

ಅವನು ಮುಚ್ಚಳ ಒತ್ತಿದ. ರಂಜನಾ ಬಂದಾಗ ನೆಲ ಗುಡಿಸುತ್ತಿದ್ದ.

ಅಂದು ಊಟಕ್ಕೆ ಎಣ್ಣೆಗಾಯಿ ಇತ್ತು. ರಂಜನಾಳ ಬಾಯಿಗೆ ಬಿಡುವಿರಲಿಲ್ಲ. ಭಾನುವಾರ ಖೋಪೋಲಿ ಕಡೆಯ ಮೈದಾನದಲ್ಲಿ ಗಾಡಿ ಓಡಿಸಿ ನೋಡುವುದು. ಸುಹಾಸನ ಇಬ್ಬರೂ ದೋಸ್ತರು ಬರುತ್ತಾರೆ. "ಛಲೋ ಆತಂದ್ರ ಸೋಮವಾರ ಮುರಿಗೆಪ್ಪ ಕಾಕಾಗ ಹೇಳಿಬಿಡೂದು, ಬ್ಯಾರೆ ಜಾಗಾ ನೋಡ್ಕೋ ಅಂತ."

ಭೀಮರಾಯ ಅರ್ಧ ರೊಟ್ಟಿ ಬಿಟ್ಟು ಎದ್ದ.

"ಎಣ್ಣಿಗಾಯಿ ಇದ್ದಾಗ ಮೂರು ತಿಂತೀರಿ," ಎಂದಳು ಶಿವಕುಮಾರಿ.

"ಹಸಿವಿಲ್ಲ."

"ಎಂದೂ ಇಲ್ಲದ್ದು," ಎಂದಳು ಸುಂದ್ರವ್ವ ಗೋಡೆಯ ಕಡೆಯಿಂದ.

ಶುಕ್ರವಾರ ಬೆಳಿಗ್ಗೆ ಅವನು ರೊಟ್ಟಿಯ ಗಂಟು ಹಿಡಿದು ಹೊರಟ. ಸಯನ್ನಿನಲ್ಲಿ ಇಳಿಯಲಿಲ್ಲ. ಹಣಮಂತನ ಖೋಲಿ ಹುಡುಕಿಕೊಂಡು ಹೋದ. ಅಲ್ಲಿಂದ ಹಣಮಂತ ಹೇಳಿದ ಕುರ್ಲಾದ ಭಂಗಾರದ ಗೋದಾಮಿಗೆ ಹೋದ. ಗೋದಾಮಿನವನು ಒಳಗಿದ್ದ ಕಬ್ಬಿಣದ ಗುಡ್ಡ ತೋರಿಸಿ, "ಚಾಚಾ, ಅಕೇಲೇ ಕೈಸೇ ಢೂಂಢೋಗೇ?" ಎಂದ. ಒಬ್ಬನೇ ಹುಡುಕುವುದು ಹೇಗೆ ಎಂದು ಲೆಕ್ಕ ಹಾಕದೆ ಭೀಮರಾಯ ಎರಡು ತಾಸು ಅಗೆದ. ಬಿಸಿಲು ನೆತ್ತಿಗೆ ಬಂದಾಗಲೇ ಗಂಟು ಇನ್ನೂ ತನ್ನ ಬಳಿಯೇ ಇದೆ ಎಂಬುದು ನೆನಪಾದದ್ದು.

ಮನೆಗೆ ಬಂದಾಗ ಶಿವಕುಮಾರಿ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ರಂಜನಾ ಇದ್ದಳು.

"ಮೆಸ್ಸಿನಾಂವ ಮೂರು ಸಲ ಫೋನ್ ಮಾಡಿದ. ಐವತ್ತು ಮಂದಿ ಬರೇ ಅನ್ನಾ ಉಂಡು ಹೋದ್ರಂತ. ನೂರಿಪ್ಪತ್ತು ರೊಟ್ಟಿ ಹೊತ್ಕೊಂಡು ಎಲ್ಲಿ ಮೆರವಣಿಗಿ ಹೋಗಿದ್ರಿ?"

"ಕುರ್ಲಾಕ್ಕ."

"ಕುರ್ಲಾದಾಗ ಯಾರಿದ್ದಾರು ನಿಮ್ಮ ಬೀಗರು?"

ಭೀಮರಾಯ ಗಂಟು ಕೆಳಗಿಟ್ಟ. ಮಗಳ ಕಡೆ ನೋಡದೆ ಹೇಳಿದ. "ಶಾಫ್ಟ್ ಪೂರ್ತಿ ತಗದೀನಿ, ರಂಜು. ತುಂಡು ಬಿಟ್ಟಿಲ್ಲ. ಹಣಮಂತಗ ಕೊಟ್ಟೆ. ಕುರ್ಲಾದ ಭಂಗಾರದಾಗ ಅಗದೆ, ಸಿಗಲಿಲ್ಲ. ಗಾಲಿ ಅಲಗತಾವು."

ಕುಕ್ಕರಿನ ಸೀಟಿ ಒಂದು ಕೂಗಿತು. ಯಾರೂ ಹೋಗಿ ಒಲೆ ಆರಿಸಲಿಲ್ಲ.

"ಮುಟ್ಟಬ್ಯಾಡ ಅಂದಿದ್ದೆ," ಎಂದಳು ರಂಜನಾ.

"ಅಂದಿದ್ದಿ."

"ಕೇಳಿಸಿತ್ತು?"

"ಕೇಳಿಸಿತ್ತು."

"ಮತ್ತ?"

"ಪದ್ಮಿನ್ಯಾಗ ಮುಂದಿನ ಗಾಲಿ ತನ್ನಷ್ಟಕ್ಕ ತಾನ ನಿಂತಿರತೈತಿ. ಇಲ್ಲೂ ಹಂಗ ಅಂದಕೊಂಡೆ."

"ತುಂಡು ಬಿಟ್ಟೀಯಾ ಅಂತ ಕೇಳಿದೆ. ಆತು ಅಂದಿ!" ಅವಳ ದನಿ ಏರಿತು. "ಭಾನುವಾರ ಸುಹಾಸ್ ಒಳಗ ಕುಂತಿರ್ತಿದ್ದ, ಅಪ್ಪಾ. ನೂರರ ಸ್ಪೀಡಿನ್ಯಾಗ. ಗಾಲಿ ಹೋಗಿದ್ರ? ಷೆಡ್ಡು ಹೋಗಲಿ, ಗಾಡಿ ಹೋಗಲಿ, ಅಂವಾ?"

"ಅದಕ್ಕ ಹೇಳಾಕ ಹತ್ತೀನಿ."

"ನಿನ್ನೆ ಯಾಕ ಹೇಳಲಿಲ್ಲ? ನಾ ಅಲ್ಲಿ ಕುಂತು ದೋಸ್ತರು, ಸೋಮವಾರ, ಮುರಿಗೆಪ್ಪ ಕಾಕಾ ಅಂತ ಒದರಾಕ ಹತ್ತಿದ್ದೆ. ನೀ ಕೇಳ್ಕೋತ ಕುಂತಿದ್ದಿ."

ಭೀಮರಾಯ ಕೆಳಗಿಟ್ಟ ಗಂಟನ್ನು ಗೋಡೆಗೆ ಸರಿಸಿದ. "ಮತ್ತ ಸ್ಟೂಲಿನ ಮ್ಯಾಲ ಕುಂಡರಸ್ತೀ ಅಂತ."

ರಂಜನಾ ಚಪ್ಪಲಿ ಮೆಟ್ಟಿ ದಡದಡ ಮೆಟ್ಟಿಲು ಇಳಿದು ಹೋದಳು. ಶಿವಕುಮಾರಿ ಹೋಗಿ ಒಲೆ ಆರಿಸಿದಳು, ಗಂಟು ಬಿಚ್ಚಿ ರೊಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಗಚ್ಚಿ ಮ್ಯಾಲ ಒಣ ಹಾಕ್ತೀನಿ. ಖಡಕ್ ರೊಟ್ಟಿ ಆಗ್ತಾವು. ಅವಕ್ಕೂ ಗಿರಾಕಿ ಅದಾವು," ಎಂದಳು, ಗಂಡನಿಗೋ ತನಗೋ.

ಅರ್ಧ ತಾಸಿಗೆ ರಂಜನಾ ಮರಳಿ ಬಂದಳು. ಮುಖ ತೊಳೆದುಕೊಂಡಿದ್ದಳು. ಸುಂದ್ರವ್ವ ಅವಳ ಸೆರಗಿಲ್ಲದ ಅಂಗಿಯ ಚುಂಗು ಹಿಡಿದು ಪಕ್ಕಕ್ಕೆ ಎಳೆದಳು.

"ಇಲ್ಲಿ ಕೇಳು. ನಿಮ್ಮಪ್ಪ ತಪ್ಪು ಮಾಡಿದ್ದು ನಾ ಐವತ್ತೊಂಬತ್ತು ವರ್ಷದಾಗ ಭಾಳ ಸಲ ನೋಡೀನಿ. ತಾನಾಗಿ ಬಾಯಿ ಬಿಟ್ಟು ಹೇಳಿದ್ದು ಇದ ಮೊದಲು."

"ಆಯಿ, ಹಂಗಂತ ನಾ ಆರತಿ ಮಾಡಬೇಕೇನು?"

"ಆರತಿ ಬ್ಯಾಡ. ಕರಕೊಂಡು ಹೋಗು. ಒಬ್ಬಂವಾ ಅಗದ್ರ ನೋಡಿದಿ ಅಲ್ಲ, ಬರಿಗೈಲೆ ಬಂದಾನ."

ರಂಜನಾ ಮೊದಲು ಸುಹಾಸನಿಗೆ ಫೋನ್ ಮಾಡಿದಳು, ಅಪ್ಪನ ಎದುರೇ, ಸ್ಪೀಕರ್ ಹಾಕಿ. ಆದದ್ದನ್ನು ಬಣ್ಣ ಹಚ್ಚದೆ ಹೇಳಿದಳು. ಭಾನುವಾರ ಆಗುವುದಿಲ್ಲ, ಬೇರಿಂಗುಗಳು ತಳ್ಳಾಟದಲ್ಲಿ ಕೆಟ್ಟಿರಬಹುದು, ಹೊಸವು ಹಾಕಬೇಕು, ಅದು ನಮ್ಮ ಖರ್ಚು.

ಆಚೆ ಹೋಟೆಲಿನ ಪಾತ್ರೆಗಳ ಸದ್ದಿನ ನಡುವೆ ಸುಹಾಸ ಕೇಳಿದ. "ಯಾರು ಹಿಡಿದದ್ದು? ನೀವಾ?"

"ಅಪ್ಪ. ಕೈಲೆ ಅಲಗಿಸಿ ನೋಡಿ."

"ಮಾಡಿದ್ದೂ ಅಂಕಲ್, ಹಿಡಿದದ್ದೂ ಅಂಕಲ್?" ಸುಹಾಸ ಉಸಿರು ಬಿಟ್ಟ. "ಸಿಟ್ಟು ಬಂದಿದೆ, ಸುಳ್ಳು ಹೇಳುದಿಲ್ಲ. ಆದ್ರೆ ಮುಂದಿನ ಸಂಡೇ ಟೈಮ್ ಉಂಟು. ಅವರು ಗಾಲಿ ಅಲುಗಿಸದೆ ನಾನು ಕೂತ್ಕೊಳ್ಳುದಿಲ್ಲ. ಹೇಳಿ ಅವರಿಗೆ."

ಶನಿವಾರ ಅಪ್ಪ ಮಗಳು ಒಟ್ಟಿಗೆ ಕುರ್ಲಾಕ್ಕೆ ಹೋದರು. ಶಿವಕುಮಾರಿ ಹತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದಳು. ಕಬ್ಬಿಣದ ಗುಡ್ಡದ ಮೇಲೆ ಅವನೊಂದು ಕಡೆಯಿಂದ, ಅವಳೊಂದು ಕಡೆಯಿಂದ ಅಗೆದರು. ಎರಡನೆಯ ತಾಸಿನಲ್ಲಿ ಅವಳಿಗೊಂದು ಶಾಫ್ಟು ಸಿಕ್ಕಿತು. ಇನ್ನೊಂದು ಸಿಕ್ಕಿದ್ದು ರೊಟ್ಟಿ ತಿಂದು ಮುಗಿಸಿದ ಮೇಲೆ, ಒಂದು ಸುಟ್ಟ ರೆಫ್ರಿಜರೇಟರಿನ ಅಡಿಯಲ್ಲಿ. ಯಾರೋ ಅದರ ತುದಿಗೆ ಸುತ್ತಿಗೆಯಿಂದ ಹೊಡೆದಿದ್ದರು. ನಟ್ಟು ಏರುವ ಎಳೆಗಳು ತುದಿಯಲ್ಲಿ ಮುದುರಿದ್ದವು.

"ಇದು ಹೋತು," ಎಂದಳು ರಂಜನಾ.

ಭೀಮರಾಯ ಉಗುರಿನಿಂದ ಎಳೆಗಳನ್ನು ಎಣಿಸಿದ. "ಮೊದಲಿನ ಎರಡ ಅಷ್ಟ. ನಟ್ಟು ಕುಂಡ್ರೂದು ಅದರಿಂದ ಒಳಗ. ನನಗ ಒಂದು ದಿನಾ ಕೊಡು. ಆಮ್ಯಾಲ ನೀ ನೋಡು. ಬ್ಯಾಡಂದ್ರ ಬ್ಯಾಡ."

ಬ್ಯಾಡಂದ್ರ ಬ್ಯಾಡ ಎಂದು ಅಪ್ಪ ಹೇಳಿದ್ದನ್ನು ರಂಜನಾ ಅದುವರೆಗೆ ಕೇಳಿರಲಿಲ್ಲ. ಶಾಫ್ಟು ತಾನೇ ಹೆಗಲಿಗಿಟ್ಟುಕೊಂಡಳು.

ಮರುದಿನ ಅವನು ಬಾಗಿಲ ಬೆಳಕಿಗೆ ಕೂತು, ಮೂರು ಮೂಲೆಯ ಸಣ್ಣ ಅರದಿಂದ ಒಂದೊಂದೇ ಎಳೆಯನ್ನು ತೀಡಿದ. ನಟ್ಟು ಏರಿಸಿ ನೋಡಿದ, ಬಿಗಿಯಾದಲ್ಲಿ ಇಳಿಸಿದ, ಮತ್ತೆ ತೀಡಿದ. ಸಂಜೆಗೆ ನಟ್ಟು ಬೆರಳಿನಿಂದಲೇ ಕೊನೆಯವರೆಗೆ ಓಡಿತು. ರಂಜನಾ ಭೂತಗಾಜು ಹಿಡಿದು ಒಳಗಿನ ಎಳೆಗಳನ್ನು ನೋಡಿದಳು. ಅವು ಪೆಟ್ಟು ತಿಂದಿರಲಿಲ್ಲ.

ಶಾಫ್ಟುಗಳನ್ನು ಕತ್ತರಿಸಿ, ತುದಿಯ ತುಂಡುಗಳನ್ನು ಮಾತ್ರ ಹೊಸ ಬೇರಿಂಗಿನೊಳಗೆ ಕೂರಿಸಿದರು. ಭೀಮರಾಯ ಪೈಪು ಎತ್ತಿಕೊಂಡವನು ಕೆಳಗಿಟ್ಟ.

"ನಿನ್ನ ಆ ಟಿಕ್ ಅನ್ನೂ ಪಾನಾ ಕೊಡು. ಎಷ್ಟಕ್ಕ ಇಡಬೇಕು?"

ಅವಳು ಅಂಕಿ ತಿರುವಿ ಕೊಟ್ಟಳು. ಅವನು ಎಳೆದ. ಟಿಕ್ ಎಂದಾಗ ಕೈ ನಿಲ್ಲಿಸಿದ.

ಮುರಿಗೆಪ್ಪ ಆ ವಾರ ಅಳತೆಯ ಟೇಪು ಹಿಡಿದು ಬಂದ. ಕಾರಿನ ಸುತ್ತ ಸರಿದು ಗೋಡೆ ಅಳೆಯುತ್ತ, "ಎರಡು ಸಾಲು ಕ್ಯಾನು ಹಿಡೀತಾವು ನೋಡು," ಎಂದ.

"ಭಾನುವಾರ ಆಗಲಿ, ಮುರಿಗೆಪ್ಪಾ," ಎಂದ ಭೀಮರಾಯ. "ಹೌದಂದ್ರೂ ಇಲ್ಲಂದ್ರೂ ಸೋಮವಾರ ನಾನ ನಿನ್ನ ಮನಿಗೆ ಬರ್ತೀನಿ. ತಪ್ಪಿಸಿಕೊಳ್ಳೂದಿಲ್ಲ."

ಭಾನುವಾರ ಸುಂದ್ರವ್ವನೂ ಬರುತ್ತೇನೆಂದು ಹಟ ಹಿಡಿದಳು. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಸುಹಾಸ ಶಿರಸ್ತ್ರಾಣ ಹಿಡಿದು ನಿಂತ, ಭೀಮರಾಯ ಎರಡೂ ಗಾಲಿ ಅಲುಗಿಸುವ ತನಕ ಒಳಗೆ ಕಾಲಿಡಲಿಲ್ಲ. ಆಮೇಲೆ ನೀಲಿ ಕಾರು ಗರ್ಜಿಸಿ ಹೊರಟಿತು. ಮೊದಲ ತಿರುವಿನಲ್ಲಿ ಹಿಂಭಾಗ ಜಾರಿತು, ಮೂತಿ ಒಂದು ಕಡೆ, ಓಟ ಇನ್ನೊಂದು ಕಡೆ, ಹಿಂದೆ ಬಿಳಿ ಹೊಗೆ. ಸುಹಾಸನ ದೋಸ್ತರು ಕೂಗಿದರು. ಭೀಮರಾಯ ಹೊಗೆ ನೋಡಲಿಲ್ಲ. ಅವನ ಕಣ್ಣು ಮುಂದಿನ ಎರಡು ಗಾಲಿಗಳ ಮೇಲಿತ್ತು. ಎಳೆಯುವ ಕೆಲಸವಿಲ್ಲದೆಯೂ ಅವು ಹೋಗಬೇಕಾದ ದಾರಿ ತೋರಿಸುತ್ತ, ಗಟ್ಟಿಯಾಗಿ ತಿರುಗುತ್ತಿದ್ದವು.

"ಏನ ಆತು?" ಎಂದಳು ಸುಂದ್ರವ್ವ. "ನನಗ ಬರೇ ವಾಸನಿ ಬರಾಕ ಹತ್ತೈತಿ."

"ಜಾರಾಕ ಹತ್ತೈತಿ, ಆಯಿ," ಎಂದಳು ರಂಜನಾ. ಅವಳ ಕಣ್ಣಲ್ಲಿ ನೀರಿತ್ತು. "ಭಾಳ ಚಂದ ಜಾರಾಕ ಹತ್ತೈತಿ."

ಎಂಟು ಸುತ್ತು ಮುಗಿಸಿ ಕಾರು ನಿಂತಿತೋ ಇಲ್ಲವೋ, ಭೀಮರಾಯ ಜ್ಯಾಕು ಕೊಟ್ಟು ಗಾಲಿ ಹಿಡಿದ. ಮೇಲೊಂದು ಕೈ, ಕೆಳಗೊಂದು ಕೈ. ಸದ್ದಿಲ್ಲ. ಬಲಗಡೆಯೂ ಸದ್ದಿಲ್ಲ.

"ರಂಜು, ಬಾ. ನೀನೂ ನೋಡು."

ಸೋಮವಾರ ಬೆಳಿಗ್ಗೆ ಅವನು ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಹಳೆಯ ಡ್ರೈವರೊಬ್ಬ ಏನದು ಎಂದು ಕೇಳಿದ್ದಕ್ಕೆ, ರೊಟ್ಟಿ ಎಂದು ಒಂದು ಕೊಟ್ಟ. ಮೆಸ್ಸಿಗೆ ಮುಟ್ಟಿಸಿ, ಮುರಿಗೆಪ್ಪನ ಮನೆಗೆ ಹೋಗಿ, ಷೆಡ್ಡು ಕೊಡುವುದಿಲ್ಲವೆಂದು ಹೇಳಿ, ಎರಡು ಲೋಟ ಚಹಾದ ಬೈಗುಳ ತಿಂದು, ಷೆಡ್ಡಿಗೆ ಬಂದ. ಹಾಳೆಯ ಮುಂದೆ ನಿಂತು, ಖಾಲಿ ಉಳಿದ ಸಾಲಿನಲ್ಲಿ 'ಮಾಡಿದವರು' ಎಂಬಲ್ಲಿ ಭೀಮರಾಯ ಎಂದು ಬರೆದ. ರಂಜನಾ ಪಕ್ಕದಲ್ಲಿ ತನ್ನ ಹೆಸರು ಬರೆದು, ಮೇಲಿನ ಸಾಲೊಂದಕ್ಕೆ ಬೆರಳಿಟ್ಟಳು. ನಡುವಿನ ಡಿಫ್ರೆನ್ಸ್ ಲಾಕ್ ಮಾಡಿದ ಸಾಲಿನಲ್ಲಿ ಅವಳ ಸಹಿಯ ಪಕ್ಕ ಖಾಲಿಯಿತ್ತು.

"ಇದು ನೀ ನೋಡಿದ್ದು. ನಂಗ ನೆನಪೈತಿ. ಆವತ್ತ ಸ್ಟೂಲಿನ ಮ್ಯಾಲಿಂದ 'ಹೋಗೂದಿಲ್ಲ' ಅಂದಿ, ಹಾಳಿಗೆ ಬೆನ್ನು ಮಾಡಿ ಕುಂತಿದ್ದಿ."

ಅವನು ಅಲ್ಲಿಯೂ ಹೆಸರು ಬರೆದ.

ಐದಕ್ಕೆ ಹಣಮಂತನ ಕೈಗಾಡಿ ಬಂತು. ಕತ್ತರಿಸಿ ಉಳಿದ ಶಾಫ್ಟಿನ ನಡುವಿನ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ಅವು ಖರೆಯೇ ಸತ್ತ ಸಾಮಾನು. ಹಣಮಂತ ಬಗ್ಗಿ ಎತ್ತಿಕೊಳ್ಳಲು ಹೋದ.

"ಏ, ಇಡು ಅಲ್ಲೆ," ಎಂದ ಭೀಮರಾಯ.

"ಯಾಕ ಕಾಕಾ? ಇನ್ನ ಅದರಾಗ ಏನೈತಿ?"

"ಏನೂ ಇಲ್ಲ ಅಂತ ನನಗ ಅನಸತೈತಿ." ಅವನು ಗಾಡಿಯ ಅಡಿಯಲ್ಲಿ ಮಲಗಿದ್ದ ಮಗಳ ಕಾಲುಗಳತ್ತ ನೋಡಿದ. "ಆಕಿ ನೋಡಲಿ. ನಾಳಿ ಬಾ."